ಸಂಪಿನಲ್ಲಿ ಮುಳುಗಿಸಿ ನೋಡದ ಜಾಕೆಟ್ಟು

ಜನರನ್ನು ಕಾಡಿಗೂ ಹೊಳೆಗೂ ಕರೆದುಕೊಂಡು ಹೋಗುವ ಕೆಲಸಕ್ಕೆ ಈಗ ಕೋರ್ಸುಗಳಿವೆ, ಸಮವಸ್ತ್ರವಿದೆ, ಕೊರಳಿಗೆ ಸೀಟಿ ಇದೆ. ಮೊನ್ನೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕು ಮಂದಿ ಶ್ರೀನಗರದ ನಮ್ಮ ಮನೆಗೆ ಬಂದು, "ಅಂಕಲ್, ನಿಮ್ ಟೈಮಲ್ಲಿ ಹೆಂಗಿತ್ತು ಅಂತ ಬರ್ದು ಕೊಡಿ, ಟ್ರೈನಿಂಗಲ್ಲಿ ಓದಿಸ್ತೀವಿ" ಎಂದು ಕೇಳಿದರು. ನಾಯಕತ್ವದ ಬಗ್ಗೆ ಬರೆಯಬೇಕಂತೆ. ನಾಯಕತ್ವದ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಗೊತ್ತಿರುವುದನ್ನು ಮೊದಲೇ ಹೇಳಿಬಿಡುತ್ತೇನೆ: ಏಳು ವರ್ಷ ನಾನು ರಬ್ಬರ್ ದೋಣಿಯ ಹಿಂಬದಿಯಲ್ಲಿ ಕೂತು, ನೊರೆಯೆದ್ದ ನೀರಿನಲ್ಲಿ ಜನರನ್ನು ದಾಟಿಸಿದೆ. ಆ ಏಳು ವರ್ಷವೂ ನನಗೆ ಈಜು ಬರುತ್ತಿರಲಿಲ್ಲ.

ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಾದರೆ ಕೆಲಸ ಹೋಗುತ್ತಿತ್ತು, ಗೊತ್ತಾಗದಿದ್ದರೆ ಜೀವ ಹೋಗುತ್ತಿತ್ತು. ಇವೆರಡರ ನಡುವೆ ನಾನು ಪ್ರತಿ ಭಾನುವಾರ ನಗುನಗುತ್ತಾ, "ಭಯ ಪಡ್ಬೇಡಿ ಮೇಡಂ, ನಾನಿದೀನಲ್ಲ" ಎನ್ನುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಕೆಲಸಕ್ಕೆ ನಾನು ಬಂದದ್ದು ಹೊಲಿಗೆಯ ಬಾಗಿಲಿನಿಂದ. ತೊಂಬತ್ತರ ದಶಕದ ಮೊದಲಲ್ಲಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ವೆಂಕೋಬರಾಯರು ಎಂಬುವರು ಚಾರಣದ ಕಚೇರಿ ತೆರೆದರು. ಬೆನ್ನಿಗೆ ಹಾಕುವ ದೊಡ್ಡ ಚೀಲಗಳು ಆಗ ಊರಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಅವನ್ನು ಹೊಲಿಯಲು ಒಬ್ಬ ಟೈಲರ್ ಬೇಕಿತ್ತು. ಹನುಮಂತನಗರದಲ್ಲಿ ಸೋಫಾ ಕವರು, ಸ್ಕೂಟರ್ ಸೀಟು ಹೊಲಿಯುತ್ತಿದ್ದ ನಾನು ಮೆಷಿನ್ ಸಮೇತ ಅಲ್ಲಿಗೆ ಹೋದೆ. ರಾಯರು ಖುದ್ದಾಗಿ ಯಾವ ಬೆಟ್ಟವನ್ನೂ ಹತ್ತಿದವರಲ್ಲ. ಲಾಲ್‌ಬಾಗಿನ ಬಂಡೆಯ ಮೇಲೂ ಮಫ್ಲರ್ ಇಲ್ಲದೆ ಹೋಗುತ್ತಿರಲಿಲ್ಲ. ಆದರೆ ಸಾಹಸದ ಬಗ್ಗೆ ಅವರಷ್ಟು ಚೆನ್ನಾಗಿ ಮಾತಾಡುವವರನ್ನು ನಾನು ಇನ್ನೂ ನೋಡಿಲ್ಲ.

ನಾನು ಹೊಲಿದ ಚೀಲ ಹದಿನೈದು ಕಿಲೋ ತಡೆಯುತ್ತಿತ್ತು. ಬಸವನಗುಡಿ, ಜಯನಗರದ ಗೃಹಸ್ಥರು ಅದರಲ್ಲಿ ಸಂಸಾರವನ್ನೇ ತುಂಬುತ್ತಿದ್ದರು. ಕನಕಪುರದ ಆಚೆ, ಕಾವೇರಿ ಬಂಡೆಯನ್ನು ಸೀಳಿಕೊಂಡು ಹರಿಯುವ ಕಮರಿಯೊಳಗೆ ನಡೆಯುವುದು ನಮ್ಮ ಶನಿವಾರದ ಕಾರ್ಯಕ್ರಮ. ಮೊದಲ ಸಲವೇ ಕಮರಿಗೆ ಇಳಿಯುವ ದಾರಿಯಲ್ಲಿ ಒಬ್ಬರ ಚೀಲದ ಪಟ್ಟಿ ಕಿತ್ತುಬಂತು. ಬಿಚ್ಚಿ ನೋಡಿದರೆ ಐದು ಲೀಟರಿನ ಕುಕ್ಕರು, ಪೂಜೆಯ ಗಂಟೆ, ಒಂದು ಡಬ್ಬ ಹುಳಿಪುಡಿ, ಎರಡು ಒಗೆದ ಪಂಚೆ, ಜೊತೆಗೆ ಇಸ್ತ್ರಿಪೆಟ್ಟಿಗೆ. "ಇದ್ಯಾಕೆ ಸಾರ್?" ಎಂದು ಇಸ್ತ್ರಿಪೆಟ್ಟಿಗೆ ತೋರಿಸಿದರೆ, "ಸೋಮವಾರ ಸೀದಾ ಬ್ಯಾಂಕಿಗೆ ಹೋಗ್ಬೇಕಲ್ರೀ" ಎಂದರು. ಕರೆಂಟು ಎಲ್ಲಿಂದ ಬರುತ್ತದೆ ಎಂದು ಅವರು ಯೋಚಿಸಿರಲಿಲ್ಲ, ಅದನ್ನು ಹೊತ್ತುಕೊಂಡು ಅಲ್ಲಿಗೆ ಇಳಿಯುವವರೆಗೂ ಯಾರೂ ಕೇಳಿರಲೂ ಇಲ್ಲ.

ಅಂದಿನಿಂದ ನಾನೂ ಸೂಜಿ ದಾರ ಹಿಡಿದು ಜೊತೆಗೆ ಹೋಗಬೇಕೆಂದು ಆಜ್ಞೆಯಾಯಿತು. ಹೀಗೆ ಹೋಗುತ್ತಾ ಹೋಗುತ್ತಾ ಕಮರಿಯ ದಾರಿ ನನಗೆ ಅಂಗೈಯಷ್ಟು ಪರಿಚಯವಾಯಿತು. ಯಾವ ಬಂಡೆ ಜಾರುತ್ತದೆ, ಎಲ್ಲಿ ಹಗ್ಗ ಕಟ್ಟಬೇಕು, ಎಲ್ಲಿ ಕೂರಿಸಿ ಚಿತ್ರಾನ್ನ ಕೊಟ್ಟರೆ ಗೊಣಗಾಟ ನಿಲ್ಲುತ್ತದೆ, ಎಲ್ಲ ಕಲಿತೆ. ಎರಡು ವರ್ಷದಲ್ಲಿ ಟೈಲರ್ ಪುಟ್ಟಸ್ವಾಮಿ ಹೋಗಿ ಗೈಡ್ ಪುಟ್ಟಸ್ವಾಮಿಯಾದೆ.

ಆಮೇಲೆ ರಾಯರು ಎಲ್ಲಿಂದಲೋ ಎರಡು ಹಳೆಯ ರಬ್ಬರ್ ದೋಣಿ ತರಿಸಿದರು. ಶನಿವಾರ ಕಮರಿ, ಭಾನುವಾರ ಅದಕ್ಕೂ ಮೇಲ್ಗಡೆ, ಹೊಳೆ ಸ್ವಲ್ಪ ಹದವಾಗಿರುವ ಕಡೆ ರಾಫ್ಟಿಂಗ್ ಎಂದು ಬೋರ್ಡು ಬರೆಸಿದರು. ನನ್ನನ್ನು ಕರೆದು ಕೇಳಿದರು:

"ಏನಯ್ಯಾ, ನೀರು ಅಂದ್ರೆ ಭಯ ಇಲ್ವಲ್ಲ?"

"ಇಲ್ಲ ಸಾರ್."

ಇದು ಸುಳ್ಳಲ್ಲ. ಭಯಪಡುವಷ್ಟು ನೀರನ್ನು ನಾನು ಕಂಡೇ ಇರಲಿಲ್ಲ. ನಮ್ಮ ಮನೆಗೆ ನಲ್ಲಿ ನೀರು ಬರುತ್ತಿದ್ದುದೇ ಎರಡು ದಿನಕ್ಕೊಮ್ಮೆ. ಉತ್ತರದ ಬೆಟ್ಟಸೀಮೆಯಿಂದ ಬಂದ ತರಬೇತುದಾರರೊಬ್ಬರು ಹತ್ತು ದಿನ ಕಲಿಸಿದರು. ಹುಟ್ಟು ಹಾಕುವುದು, ಸುಳಿಯ ಅಂಚು ಗುರುತಿಸುವುದು, ಕೂಗಿ ಆಜ್ಞೆ ಕೊಡುವುದು. ಎಲ್ಲವನ್ನೂ ಲೈಫ್ ಜಾಕೆಟ್ ತೊಟ್ಟೇ ಕಲಿತೆವು. ಮೊದಲ ದಿನ ಅವರು "ಎಲ್ಲರಿಗೂ ಈಜು ಬರುತ್ತದೆ ತಾನೇ?" ಎಂದಾಗ ಸಾಲಿನಲ್ಲಿದ್ದ ಐವರೂ ತಲೆಯಾಡಿಸಿದರು, ನಾನೂ ಆಡಿಸಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಹತ್ತು ನಾಳೆಗಳು ಕಳೆದವು, ತರಬೇತುದಾರರು ರೈಲು ಹತ್ತಿದರು.

ಆದರೆ ಜಾಕೆಟ್ಟುಗಳನ್ನು ಹೊಲಿಯುತ್ತಿದ್ದವನು ನಾನು. ನನ್ನ ಧೈರ್ಯದ ಮೂಲ ಅಷ್ಟೇ. ಒಳಗೆ ಹಗುರ ಸ್ಪಂಜಿನ ಹಲಗೆ, ಹೊರಗೆ ದಪ್ಪ ಬಟ್ಟೆ, ಅಂಚಿಗೆ ಮೂರು ಸಾಲು ಹೊಲಿಗೆ, ಕಾಲಸಂದಿಯಲ್ಲಿ ಹಾದುಬಂದು ಮುಂದೆ ಗಂಟು ಬೀಳುವ ಪಟ್ಟಿ. ಹೊಲಿದದ್ದನ್ನು ಪರೀಕ್ಷಿಸಲು ನಮಗೆ ಕೆರೆ ಇರಲಿಲ್ಲ. ಇದ್ದದ್ದು ಜೆ.ಪಿ. ನಗರದಲ್ಲಿ ರಾಯರ ಮನೆಯ ನೆಲದಡಿಯ ನೀರಿನ ಸಂಪು. ಮರಳು ತುಂಬಿದ ಚೀಲಕ್ಕೆ ಜಾಕೆಟ್ ತೊಡಿಸಿ ಸಂಜೆ ಸಂಪಿಗೆ ಬಿಟ್ಟು ಮುಚ್ಚಳ ಹಾಕುತ್ತಿದ್ದೆವು. ಬೆಳಗ್ಗೆ ತೇಲುತ್ತಿದ್ದರೆ ಪಾಸು. ರಾಯರ ಹೆಂಡತಿ, "ಸಾರಿಗೆಲ್ಲ ರೆಕ್ಸಿನ್ ವಾಸನೆ ಬರ್ತಿದೆ, ಇನ್ನೆಲ್ಲಾದ್ರೂ ಇಟ್ಕೊಳಿ" ಎಂದು ರೇಗುತ್ತಿದ್ದರು. ರಾಯರ ವಾದವೇ ಬೇರೆ: "ಸಂಪಿಗೆ ಬರೋದೂ ಕಾವೇರಿ ನೀರೇ ಕಣೇ. ಅದೇ ನೀರಲ್ಲೇ ಟೆಸ್ಟ್ ಮಾಡ್ತಿರೋದು, ಭಾಳ ಸೈಂಟಿಫಿಕ್."

ಮೊದಲ ಬೇಸಿಗೆಯಲ್ಲೇ ಒಂದು ಬೆಳಗ್ಗೆ ಮುಚ್ಚಳ ತೆಗೆದರೆ ಹಿಂದಿನ ಸಂಜೆ ಬಿಟ್ಟಿದ್ದ ಆರೂ ಜಾಕೆಟ್ಟು ತಳದಲ್ಲಿ ಬಿದ್ದಿದ್ದವು. ರಾಯರು ತಲೆ ಮೇಲೆ ಕೈಹೊತ್ತು, "ಎಲ್ಲಾ ಫೇಲ್ ಕಣಯ್ಯಾ ಪುಟ್ಟಸ್ವಾಮಿ, ಪ್ರಾಣ ತೆಗೀತಿದ್ಯಲ್ಲೋ!" ಎಂದು ಕೂಗಾಡಿದರು. ಆ ವಾರ ನೀರು ಬಿಟ್ಟಿರಲಿಲ್ಲ, ಇದ್ದ ನೀರೂ ರಾತ್ರಿಯೇ ಖರ್ಚಾಗಿ ಸಂಪು ಬರಿದಾಗಿತ್ತು. ನಾನು ಕಬ್ಬಿಣದ ಮೆಟ್ಟಿಲು ಹಿಡಿದುಕೊಂಡು ಒಳಗಿಳಿದು ಒಣ ನೆಲದಿಂದ ಜಾಕೆಟ್ಟುಗಳನ್ನು ಎತ್ತಿಕೊಟ್ಟೆ.

ಇನ್ನು ಅರ್ಜಿಯ ವಿಷಯ. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಬರುವವರು ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲಿ ಎಂಟನೆಯ ಕಾಲಂ: ಈಜು ಬರುತ್ತದೆಯೇ? ನಮ್ಮ ಕಡೆ ಅರ್ಜಿ ತುಂಬುವುದು ಅಪ್ಪಂದಿರ ಕೆಲಸ. ಮಗನಿಗೆ ಇಪ್ಪತ್ತೆಂಟು ವರ್ಷವಾಗಿ ಮೀಸೆ ಬಲಿತಿದ್ದರೂ, ಶಾಲೆಗೆ ಸೇರಿಸುವಾಗ ತುಂಬಿದಂತೆ ಅಪ್ಪನೇ ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ತುಂಬುತ್ತಿದ್ದರು. ಮಗನಿಗೆ ಏನಾದರೂ ಬರುವುದಿಲ್ಲ ಎಂದು ಯಾವ ಅಪ್ಪ ತಾನೇ ಬರೆದಾನು? "ಬಹಳ ಚೆನ್ನಾಗಿ ಬರುತ್ತದೆ" ಎಂದೇ ಎಲ್ಲರೂ ಬರೆದರು. ಒಬ್ಬರಂತೂ "ಡಿಸ್ಟಿಂಕ್ಷನ್" ಎಂದು ಬರೆದಿದ್ದರು. ಆ ಡಿಸ್ಟಿಂಕ್ಷನ್ ಮಗರಾಯ ಮಂಡಿಯುದ್ದ ನೀರಿನಲ್ಲಿ ಕಾಲು ಜಾರಿ ಕೂತು, "ಅಮ್ಮಾ, ಹೋದೆ" ಎಂದು ಕಿರುಚಿದ ಸದ್ದು ಆಚೆ ದಡದ ಮೀನುಗಾರರಿಗೂ ಕೇಳಿಸಿತು.

ಆಮೇಲೆ ರಾಯರು ಎಂಟನೆಯ ಕಾಲಮನ್ನು ತಿದ್ದಿದರು: ಈಜು ಬರುವುದಾದರೆ ಸರ್ಟಿಫಿಕೇಟ್ ಲಗತ್ತಿಸಿ, ಇಲ್ಲವಾದರೆ 'ಇಲ್ಲ' ಎಂದು ಬರೆಯಿರಿ. ಬೇಸಿಗೆ ಶಿಬಿರಗಳಲ್ಲಿ ಎರಡು ವಾರ ಕೊಳದ ಅಂಚು ಹಿಡಿದು ಕಾಲು ಬಡಿದವರಿಗೂ ಸರ್ಟಿಫಿಕೇಟ್ ಕೊಡುತ್ತಿದ್ದರು. ಫ್ರೇಮು ಹಾಕಿಸಿದ್ದನ್ನು ಗೋಡೆಯಿಂದ ಇಳಿಸಿ ತಂದು ತೋರಿಸಿದವರೂ ಇದ್ದರು. ಫೈಲು ದಪ್ಪವಾಯಿತು, ರಾಯರಿಗೆ ಸಮಾಧಾನವಾಯಿತು. ಗೈಡುಗಳಿಗೆ ಮಾತ್ರ ಈ ಅರ್ಜಿ ಇರಲಿಲ್ಲ. ಇದ್ದಿದ್ದರೆ ನಾನೇನು ಬರೆಯುತ್ತಿದ್ದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಬಹುಶಃ "ಡಿಸ್ಟಿಂಕ್ಷನ್" ಎಂದೇ ಬರೆಯುತ್ತಿದ್ದೆನೇನೋ.

ಎರಡು ಸಾವಿರದ ನಂತರ ಗಿರಾಕಿಗಳು ಬದಲಾದರು. ಹುಳಿಪುಡಿಯ ಡಬ್ಬ ಹೋಗಿ ಕಂಪನಿಗಳು ಬಂದವು. ಒಂದೇ ಬಣ್ಣದ ಟೀ ಶರ್ಟು, ಟೋಪಿ, ಎದೆಯ ಮೇಲೆ ಘೋಷಣೆ. ಅವರು ಬರುತ್ತಿದ್ದುದು ಕಮರಿ ನೋಡಲಿಕ್ಕಲ್ಲ, ಒಗ್ಗಟ್ಟು ಬೆಳೆಸಲಿಕ್ಕೆ. ಆಫೀಸಿನಲ್ಲಿ ಬೆಳೆಯದ ಒಗ್ಗಟ್ಟು ಬಂಡೆಗೆ ಮಂಡಿ ತರಚಿಕೊಂಡರೆ ಬೆಳೆಯುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ರಾಯರೂ ಹೌದೆಂದು ಒಪ್ಪಿ, ಹೊಸದಾಗಿ ಹನ್ನೆರಡು ಫಾರಿನ್ ಜಾಕೆಟ್ಟು ತರಿಸಿದರು. ಕಿತ್ತಳೆ ಬಣ್ಣ, ಹೊಳೆಯುವ ಪ್ಲಾಸ್ಟಿಕ್ ಬಕಲ್ಲು. "ಇದನ್ನ ಸಂಪಿಗೆ ಹಾಕ್ಬೇಡ, ಫಾರಿನ್ನು, ಟೆಸ್ಟಾಗೇ ಬಂದಿರುತ್ತೆ" ಎಂದರು. ನಾನು ಅವನ್ನು ಹಾಗೆಯೇ ಗೂಟಕ್ಕೆ ತಗುಲಿಹಾಕಿದೆ.

ಹಾಗೆ ಬಂದ ಒಂದು ಕಂಪನಿಯ ಮ್ಯಾನೇಜರು ದಿನಕರ್. ದೊಡ್ಡ ಹೊಟ್ಟೆ, ಇನ್ನೂ ದೊಡ್ಡ ಗಂಟಲು. ಶನಿವಾರ ಕಮರಿಯಲ್ಲಿ ಅವರಿಗಿಂತ ಮುಂದೆ ಯಾರೂ ನಡೆಯುವಂತಿರಲಿಲ್ಲ. ಅವರು ನಡೆಯುತ್ತಿದ್ದುದು ನಿಧಾನ. ಹೀಗಾಗಿ ಹದಿನಾಲ್ಕು ಜನ ಬಂಡೆಗಳ ನಡುವೆ ಹುದ್ದೆಯ ಪ್ರಕಾರ ಸಾಲಾಗಿ ನಿಂತು, ಮುಂದಿನವರು ಕಾಲೆತ್ತುವುದನ್ನು ಕಾಯುತ್ತಾ, ಎರಡು ಗಂಟೆಯ ದಾರಿಯನ್ನು ಐದು ಗಂಟೆಗೆ ಮುಗಿಸಿದರು. ಸಾಲಿನ ಕೊನೆಯಲ್ಲಿ ಇದ್ದವಳು ರೇಣುಕಾ. ಕೃಷ್ಣಾ ತೀರದ ಊರಿನವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕೋಣೆ, ಆಫೀಸಿನಲ್ಲಿ ಫೋನು ಎತ್ತಿ ಮಾತಾಡುವ ಕೆಲಸ. ಅವಳ ಚೀಲ ಎಲ್ಲರಿಗಿಂತ ಚಿಕ್ಕದಿತ್ತು. ಅದರಲ್ಲಿದ್ದ ಖಡಕ್ ರೊಟ್ಟಿಯನ್ನೇ ಎಲ್ಲರೂ ಕೇಳಿ ಕೇಳಿ ತಿಂದು ಮುಗಿಸಿದರು.

ಭಾನುವಾರ ಬೆಳಗ್ಗೆ ದೋಣಿಯಲ್ಲೂ ಹುದ್ದೆಯ ಪ್ರಕಾರವೇ ಆಸನ. ಫೋಟೊ ಬರುವ ಮುಂದಿನ ಜಾಗ ದಿನಕರ್ ಅವರಿಗೆ, ಅವರ ಹಿಂದೆ ನಾಲ್ವರು, ಕೊನೆಗೆ ನನ್ನ ಪಕ್ಕ ರೇಣುಕಾ. ಜಾಕೆಟ್ಟುಗಳೂ ಹಾಗೆಯೇ: ಮೇಲಿನವರಿಗೆ ಫಾರಿನ್ನು, ಕೆಳಗಿನವರಿಗೆ ನಾನು ಹೊಲಿದದ್ದು. ಆದರೆ ಫಾರಿನ್ ಬಕಲ್ಲು ದಿನಕರ್ ಅವರ ಹೊಟ್ಟೆಯನ್ನು ಸುತ್ತಿ ಬರಲಿಲ್ಲ. ಅವರ ಮುಖ ಕೆಂಪಾಯಿತು. ಎಲ್ಲರೆದುರು ಮಾನ ಹೋಗುವುದು ಬೇಡವೆಂದು ನನ್ನ ಜಾಕೆಟ್ಟನ್ನು ಬಿಚ್ಚಿ, ಪಟ್ಟಿ ಸಡಿಲಿಸಿ ಅವರಿಗೆ ತೊಡಿಸಿದೆ. ಅವರದನ್ನು ನಾನು ತೊಟ್ಟೆ.

ನನ್ನ ವೃತ್ತಿಯ ದೊಡ್ಡ ತಪ್ಪು ಇಲ್ಲಿದೆ. ಹೊರಡುವ ಮುನ್ನ ಪ್ರತಿಯೊಬ್ಬರ ಬಕಲ್ಲು ಎಳೆದು ನೋಡುವುದು ಗೈಡಿನ ಕೆಲಸ. ನಾನು ಅಂದೂ ಒಬ್ಬರನ್ನೂ ಬಿಡದೆ ನೋಡಿದೆ. ನನ್ನದನ್ನು ನೋಡುವವರು ಯಾರೂ ಇರಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ. ಗಂಟು ಹಾಕಿ ಅಭ್ಯಾಸವಾಗಿದ್ದ ಕೈಗೆ ಬಕಲ್ಲು ಹೊಸದು. ಕಾಲಸಂದಿಯ ಪಟ್ಟಿ ಅದರಲ್ಲಿ ಇರಲೇ ಇಲ್ಲ. ಜೊತೆಗೆ, ಜೀವಮಾನದಲ್ಲಿ ಮೊದಲ ಸಲ, ಸಂಪಿನಲ್ಲಿ ಮುಳುಗಿಸಿ ನೋಡದ ಜಾಕೆಟ್ಟು ತೊಟ್ಟು ಹೊಳೆಗೆ ಇಳಿದೆ.

ನೀರು ನೊರೆಯೆದ್ದು ಧುಮುಕುವ ಎರಡನೆಯ ಜಾಗದ ಹತ್ತಿರ ಬಲಗಡೆ ಒಂದು ಬಂಡೆ ಇತ್ತು. ನಾನು "ಎಡಗಡೆ ಹಿಂದಕ್ಕೆ!" ಎಂದು ಕೂಗಿದೆ. ಕೂಗಿದ ಕ್ಷಣಕ್ಕೆ ಎಡಗಡೆಯವರು ಹುಟ್ಟನ್ನು ಹಿಂದಕ್ಕೆ ಹಾಕಬೇಕು, ಪದ್ಧತಿ ಅಷ್ಟೇ. ಆದರೆ ನೇರವಾಗಿ ನನ್ನ ಮಾತು ಕೇಳುವುದು ಅವರ ಕಂಪನಿಯಲ್ಲಿ ರೂಢಿಯಿಲ್ಲ. ಎಡಗಡೆಯವರಿಬ್ಬರೂ ದಿನಕರ್ ಅವರ ಬೆನ್ನು ನೋಡಿದರು. ದಿನಕರ್ ನಿಧಾನವಾಗಿ ಹಿಂದಕ್ಕೆ ತಿರುಗಿ, "ಗೈಸ್, ಎಡಗಡೆ ಹಿಂದಕ್ಕೆ ಅಂತಿದ್ದಾರೆ. ಓಕೆನಾ ಎಲ್ರಿಗೂ?" ಎಂದು ಕೇಳಿದರು. ಯಾರೂ ಉತ್ತರಿಸುವ ಮೊದಲೇ ಬಂಡೆ ಬಂತು. ದೋಣಿಯ ಮೂಗು ಬಡಿದು, ಬಾಲ ಚಿಮ್ಮಿ, ಬಾಲದ ಮೇಲೆ ಕೂತಿದ್ದ ನಾನೊಬ್ಬನೇ ನೀರಿಗೆ ಬಿದ್ದೆ.

ನೀರಿನೊಳಗೆ ಏನಾಯಿತೆಂದು ಬಣ್ಣಿಸಲು ನನಗೆ ಬರುವುದಿಲ್ಲ. ಬಕಲ್ಲು ಟಪ್ಪೆಂದು ಬಿಚ್ಚಿತು. ಜಾಕೆಟ್ಟು ಮೇಲೆದ್ದು, ಕಿವಿ ಸವರಿಕೊಂಡು, ತಲೆಯಿಂದ ಕಳಚಿಹೋಯಿತು. ಅದು ಚೆನ್ನಾಗಿಯೇ ತೇಲುತ್ತಿತ್ತು. ನಾನು ತೇಲುತ್ತಿರಲಿಲ್ಲ. ಹಿಂದೆ ಬರಬೇಕಿದ್ದ ಎರಡನೆಯ ದೋಣಿ ಮೇಲೆಲ್ಲೋ ಇನ್ನೂ ಫೋಟೊ ತೆಗೆಸಿಕೊಳ್ಳುತ್ತಿತ್ತು. ಬಾಯ್ತುಂಬ ನೀರು ಕುಡಿದು ಮೇಲೆ ಬಂದಾಗ ಒಂದು ಕ್ಷಣ ದೋಣಿ ಕಂಡಿತು, ಅದರಲ್ಲಿ ದಿನಕರ್ ನಿಂತು, "ಯಾರು ಪರ್ಮಿಷನ್ ಕೊಟ್ಟಿದ್ದು? ಯಾರು ಪರ್ಮಿಷನ್ ಕೊಟ್ಟಿದ್ದು?" ಎಂದು ಕೂಗುತ್ತಿದ್ದರು. ಅದು ನನಗಲ್ಲ, ಹೊಳೆಗೆ ಹಾರಿದ್ದ ರೇಣುಕಾಗೆ ಎಂದು ಗೊತ್ತಾದದ್ದು ಆಮೇಲೆ.

ನನ್ನ ಕೊರಳಪಟ್ಟಿಯನ್ನು ಹಿಂದಿನಿಂದ ಯಾರೋ ಹಿಡಿದರು. ನಾನು ತಿರುಗಿ ಅವಳನ್ನು ಅಪ್ಪಿಕೊಳ್ಳಲು ಹೋದೆ.

"ಸರ, ನನ್ನ ಹಿಡೀಬ್ಯಾಡ್ರಿ! ಕೈ ಬಡೀಬ್ಯಾಡ್ರಿ. ನಾ ಹಿಡದೀನಿ. ಸುಮ್ನ ಮಕ್ಕೋರಿ, ಮುಗಲ ನೋಡ್ರಿ."

ಮಲಗಿದೆ. ಆಕಾಶ ನೋಡಿದೆ. ಏಳು ವರ್ಷ ನೂರಾರು ಜನರಿಗೆ "ಬಿದ್ದರೆ ಅಂಗಾತ ಮಲಗಿ" ಎಂದು ಉಪದೇಶ ಮಾಡಿದ್ದೆ, ಮಾಡಿದ್ದು ಅವತ್ತೇ ಮೊದಲು. ಅವಳು ತೊಟ್ಟಿದ್ದುದು ನಾನು ಹೊಲಿದ ಜಾಕೆಟ್ಟು. ನನ್ನ ಕೆನ್ನೆಗೆ ಅದರ ಮೂರು ಸಾಲು ಹೊಲಿಗೆ ಉಜ್ಜುತ್ತಿತ್ತು. ನೀರು ಶಾಂತವಾದ ಮಡುವಿನಲ್ಲಿ ಅವಳು ನನ್ನನ್ನು ಮರಳಿಗೆ ಎಳೆದು ಹಾಕಿದಳು. ದೋಣಿಯೂ ಗೈಡಿಲ್ಲದೆ ಅದೇ ಮಡುವಿಗೆ ಸುಖವಾಗಿ ತೇಲಿ ಬಂದಿತ್ತು.

ಕೆಮ್ಮಿ ನೀರು ಕಾರಿದ ಮೇಲೆ ಕೇಳಿದೆ: "ಅರ್ಜಿಯಲ್ಲಿ ಈಜು ಬರಲ್ಲ ಅಂತ ಬರೆದಿದ್ದೀಯಲ್ಲಮ್ಮ?"

"ಸರ್ಟಿಫಿಕೇಟ್ ಹಚ್ಚಂತ ಇತ್ತಲ್ರಿ. ನಮ್ಮೂರ ಬಾವ್ಯಾಗ ಯಾರ್ ಕೊಡ್ತಾರ್ರಿ ಸರ್ಟಿಫಿಕೇಟ್? ಬೆನ್ನಿಗೆ ಒಣಾ ಸೋರೆಬುರುಡಿ ಕಟ್ಟಿ ನಮ್ಮವ್ವ ಒಳಗ ದಬ್ಬಿದ್ಳು, ಕಲ್ತೆ." ಆಮೇಲೆ ಸುತ್ತ ನೋಡಿ, ಬೇರೆಯವರಿಗೆ ಕೇಳದಂತೆ ದನಿ ತಗ್ಗಿಸಿದಳು. "ನಿಮಗ ಈಸಾಕ ಬರಂಗಿಲ್ಲ. ಹೌದಿಲ್ರಿ ಸರ?"

ಆ ತರಬೇತುದಾರರು ರೈಲು ಹತ್ತಿದ ಮೇಲೆ, ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವಳು ನಗಲಿಲ್ಲ.

"ನಾ ಯಾರಿಗೂ ಹೇಳಂಗಿಲ್ರಿ. ಆದ್ರ ಮುಂದಿನ ವಾರ ದೋಣ್ಯಾಗ ನಾ ಇರಂಗಿಲ್ಲ."

ಅಷ್ಟು ಹೇಳಿ ಎದ್ದು ಹೋಗಿ, ಒದ್ದೆ ಜಡೆ ಹಿಂಡಿಕೊಂಡಳು. ಬಸ್ಸಿನಲ್ಲಿ ದಿನಕರ್ ಭಾಷಣ ಮಾಡಿದರು. ನಾನು ಬಿದ್ದದ್ದು ತಂಡದ ಪರೀಕ್ಷೆಗೆಂದು ಮೊದಲೇ ಯೋಜಿಸಿದ ನಾಟಕವೆಂದು ಅವರು ತಿಳಿದಿದ್ದರು. ಅಭಿಪ್ರಾಯದ ಹಾಳೆಯಲ್ಲಿ ನನ್ನ ಅಭಿನಯಕ್ಕೆ ಐದಕ್ಕೆ ಐದು ಕೊಟ್ಟರು. ರೇಣುಕಾ ಹೆಸರಿನ ಮುಂದೆ "ಸೂಚನೆಗೆ ಕಾಯುವುದಿಲ್ಲ, ತಿದ್ದಿಕೊಳ್ಳಬೇಕು" ಎಂದು ಬರೆದದ್ದನ್ನು ನಾನೇ ಓದಿದೆ. ಆ ಹಾಳೆಯನ್ನು ಅಲ್ಲೇ ಹರಿದು ಕಿಟಕಿಯಿಂದ ಆಚೆ ಎಸೆಯಬೇಕಿತ್ತು, ಎಸೆಯಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಸೋಮವಾರ ರಾಯರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಕೆಲಸದಿಂದ ತೆಗೆಯುತ್ತಾರೆಂದು ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕಿಯೇ ಹೋಗಿದ್ದೆ. ರಾಯರು ಮಫ್ಲರ್ ಸರಿಮಾಡಿಕೊಂಡು ಅಂದರು:

"ಗೊತ್ತಿತ್ತಯ್ಯಾ."

"ಗೊತ್ತಿತ್ತಾ? ಯಾವಾಗಿಂದ ಸಾರ್?"

"ಅವತ್ತು ಸಂಪಲ್ಲಿ ನೀರಿಲ್ದಿದ್ರೂ ಮೆಟ್ಲು ಹಿಡ್ಕೊಂಡೇ ಇಳಿದ್ಯಲ್ಲ, ಅವತ್ತಿಂದ. ಈಜು ಬರೋನು ಜಾಕೆಟ್ ಹೊಲಿದ್ರೆ ಒಂದು ಸಾಲು ಹೊಲೀತಾನೆ. ನೀನು ಮೂರು ಸಾಲು ಹೊಲಿದೆ. ಅದಕ್ಕೇ ನಿನ್ನನ್ನ ಕೆಲಸದಿಂದ ತೆಗೀಲಿಲ್ಲ."

ಹೊಗಳಿಕೆ ಎಂದು ಹಿಗ್ಗಬೇಕೋ, ಅವರ ಕತ್ತು ಹಿಡಿಯಬೇಕೋ ತಿಳಿಯಲಿಲ್ಲ. ನನ್ನ ಭಯವನ್ನು ನಾನು ಏಳು ವರ್ಷ ಮುಚ್ಚಿಟ್ಟೆ ಎಂದುಕೊಂಡಿದ್ದೆ. ಅವರು ಅದನ್ನು ಏಳು ವರ್ಷ ದುಡಿಸಿಕೊಂಡಿದ್ದರು. ನಾನು ದೋಣಿಗೆ ಮತ್ತೆ ಕಾಲಿಡುವುದು ಈಜು ಕಲಿತ ಮೇಲೇ ಎಂದು ಹೇಳಿ ಮೆಟ್ಟಿಲಿಳಿದೆ. ಮೊದಲ ಸಲ ನನ್ನ ದನಿ ಅವರಿಗಿಂತ ಎತ್ತರವಿತ್ತು.

ಸೀದಾ ಹೋದದ್ದು ಜಯನಗರದ ಒಂದು ಈಜುಕೊಳಕ್ಕೆ. ಬೇಸಿಗೆ ರಜೆ, ಕಿಟಕಿಯ ಮುಂದೆ ಮಕ್ಕಳನ್ನು ಕೈಹಿಡಿದು ನಿಂತ ಅಪ್ಪಂದಿರ ಸಾಲು. ನಾನೂ ನಿಂತೆ. ನನ್ನ ಕೈಯಲ್ಲಿ ಯಾರ ಕೈಯೂ ಇರಲಿಲ್ಲ. ಅರ್ಜಿ ಕೊಟ್ಟರು, ನಾನೇ ತುಂಬಿದೆ. ಹೆಸರು, ವಿಳಾಸ, ವಯಸ್ಸು ನಲವತ್ತಮೂರು. ಉದ್ಯೋಗದ ಮುಂದೆ "ರಾಫ್ಟಿಂಗ್ ಗೈಡ್" ಎಂದು ಬರೆದೆ. ಕೆಳಗೆ ಅದೇ ಪ್ರಶ್ನೆ: ಈಜು ಬರುತ್ತದೆಯೇ? ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತೆ. ಹಿಂದಿನವರು ಗೊಣಗಲು ಶುರುಮಾಡಿದಾಗ, "ಇಲ್ಲ" ಎಂದು ಬರೆದು ಒಳಗೆ ಕೊಟ್ಟೆ.

ಕಿಟಕಿಯ ಹಿಂದಿನ ಮೇಡಂ ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಸಾರ್, ಒಂದು ಕಾಲಂ ತಪ್ಪಾಗಿ ತುಂಬಿದ್ದೀರ. ಯಾವ್ದು ಅಂತ ಹೇಳಿ, ತಿದ್ಕೋತೀನಿ."

"ಎರಡೂ ಸರಿ ಇದೆ ಮೇಡಂ" ಎಂದೆ. "ಅದಕ್ಕೇ ಬಂದಿದ್ದು."